ಕಂಪ್ಯೂಟರ್ ಪ್ರಶ್ನೋತ್ತರ: ತಪ್ಪು ಲೈನಿನದೋ, ಮನೆಯದೋ, ಎಸ್‌ಎಂಪಿಎಸ್‌ನದೋ?

ಘಟ್ಟದ ಕಡೆಯಿಂದ ಮೋಡ ಕವಿದು ಸಂಜೆಯ ಹೊತ್ತು ಗುಡುಗಲು ಶುರುವಾದರೆ, ಮೇ ಕೊನೆಗೆ ಬರುವ ಪತ್ತನಾಜೆ ಕಳೆಯುವವರೆಗೂ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ವೈರಸ್ಸು, ವಿಂಡೋಸುಗಳ ಮಾತು ಹಿಂದೆ ಸರಿದು ಕರೆಂಟಿನ ಮಾತೇ ಮುಂದಾಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಸರ್ಜ್’, ಅಂದರೆ ವೋಲ್ಟೇಜಿನ ಹಠಾತ್ ಜಿಗಿತದ ಕುರಿತಾದವು. ಪತ್ರ ಬರೆದವರ ಊರನ್ನಷ್ಟೇ ಇಲ್ಲಿ ಕೊಟ್ಟಿದೆ.

ಪ್ರಶ್ನೆ: ನನ್ನ ಲೆಕ್ಕಪತ್ರದ ಕೆಲಸಕ್ಕೂ ಮಗನ ಓದಿಗೂ ಬಳಸುವ ಡೆಸ್ಕ್‌ಟಾಪ್ ಆರೇಳು ವರ್ಷ ಹಳೆಯದು. ಇತ್ತೀಚೆಗೆ ಮಗ ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡಿದ್ದಾನೆ. ಅಲ್ಲಿಂದೀಚೆಗೆ ಅದು ಕೆಲವೊಮ್ಮೆ ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಆಗ ಪರದೆಯ ಮೇಲೆ ‘ಪವರ್ ಸಪ್ಲೈ ಸರ್ಜಸ್ ಡಿಟೆಕ್ಟೆಡ್ ಡ್ಯೂರಿಂಗ್ ದ ಪ್ರೀವಿಯಸ್ ಪವರ್ ಆನ್’ (ಹಿಂದಿನ ಸಲ ಆನ್ ಇದ್ದಾಗ ಪವರ್ ಸಪ್ಲೈಯಲ್ಲಿ ಸರ್ಜ್ ಕಂಡುಬಂದಿದೆ) ಎಂಬ ಬರಹ ಕಾಣಿಸಿಕೊಳ್ಳುತ್ತದೆ. ಎಲೆಕ್ಟ್ರೀಷಿಯನ್ ಪರೀಕ್ಷಿಸಿ ಮನೆಯ ವೋಲ್ಟೇಜ್ 228 ಇದೆ, ಏನೂ ತೊಂದರೆಯಿಲ್ಲ ಎಂದರು. ಸ್ಪೈಕ್ ಗಾರ್ಡ್ ಬದಲಾಯಿಸಿದೆವು, ಪ್ರಯೋಜನವಾಗಲಿಲ್ಲ. ರಿಪೇರಿ ಅಂಗಡಿಯವರು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯಬಹುದಾದ ಸೆಟ್ಟಿಂಗ್ ಪುಟಗಳಲ್ಲಿ) ಒಂದು ಆಯ್ಕೆಯನ್ನು ಆಫ್ ಮಾಡಿದರೆ ಸಾಕು ಎನ್ನುತ್ತಾರೆ. ಹಾಗೆ ಮಾಡಬಹುದೇ? (ಕದ್ರಿ, ಮಂಗಳೂರು)

ಉತ್ತರ: ಈಗಲೇ ಮಾಡಬೇಡಿ. ನೀವು ಬರೆದಿರುವುದು ಆಸೂಸ್ ಕಂಪನಿಯ ಮದರ್‌ಬೋರ್ಡ್‌ಗಳಲ್ಲಿ, ಅಂದರೆ ಕಂಪ್ಯೂಟರಿನ ಮುಖ್ಯ ಫಲಕಗಳಲ್ಲಿ, ಬರುವ ‘ಆಂಟಿ ಸರ್ಜ್’ ಎಂಬ ಕಾವಲು ವ್ಯವಸ್ಥೆಯ ಸಂದೇಶ. ಅದರ ಮುಂದಿನ ಸಾಲನ್ನೂ ಓದಿದರೆ, ಅಸ್ಥಿರವಾಗಿರುವ ಪವರ್ ಸಪ್ಲೈ ಯೂನಿಟ್‌ನಿಂದ ಕಂಪ್ಯೂಟರನ್ನು ಕಾಪಾಡಲು ಹೀಗೆ ಮಾಡಲಾಯಿತು ಎಂಬ ವಿವರಣೆ ಸಿಗುತ್ತದೆ. ಅಂದರೆ ಮದರ್‌ಬೋರ್ಡ್ ದೂರುತ್ತಿರುವುದು ಕಂಬದಿಂದ ಬರುವ ಕರೆಂಟನ್ನಲ್ಲ, ಕ್ಯಾಬಿನೆಟ್ಟಿನೊಳಗೇ ಕುಳಿತು ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸುವ ಆ ಪವರ್ ಸಪ್ಲೈ ಯೂನಿಟ್ಟನ್ನು, ಅಂದರೆ ಎಸ್‌ಎಂಪಿಎಸ್ ಅನ್ನು. ಗೋಡೆಯ 230 ವೋಲ್ಟನ್ನು ಅಳೆಯುವ ಉಪಕರಣ ಮದರ್‌ಬೋರ್ಡಿನಲ್ಲಿ ಇರುವುದೇ ಇಲ್ಲ. ಎಸ್‌ಎಂಪಿಎಸ್ ತನಗೆ ಕೊಡುವ 12, 5 ಮತ್ತು 3.3 ವೋಲ್ಟ್‌ಗಳು ಮಿತಿಯೊಳಗಿವೆಯೇ ಎಂಬುದನ್ನಷ್ಟೇ ಅದು ನೋಡುತ್ತದೆ. ಆದ್ದರಿಂದ ಎಲೆಕ್ಟ್ರೀಷಿಯನ್ ಹೇಳಿದ್ದೂ ಸರಿ, ಸಂದೇಶವೂ ಸರಿಯಿರುವ ಸಾಧ್ಯತೆಯೇ ಹೆಚ್ಚು.

ಮೊದಲು ಈ ಬರಹ ಯಾವ ಹೊತ್ತಿಗೆ ಬರುತ್ತದೆ ಎಂದು ಕೆಲವು ದಿನ ಬರೆದಿಟ್ಟುಕೊಳ್ಳಿ. ಮಗ ಆಟವಾಡುವಾಗ ಅಥವಾ ವಿಡಿಯೋ ಕೆಲಸ ಮಾಡುವಾಗ ಮಾತ್ರ ಬರುತ್ತಿದ್ದರೆ ಎಸ್‌ಎಂಪಿಎಸ್‌ಗೆ ಹೊರೆ ತಾಳುತ್ತಿಲ್ಲ ಎಂದೇ ತಿಳಿಯಬೇಕು. ಗ್ರಾಫಿಕ್ಸ್ ಕಾರ್ಡ್ ಎಳೆಯುವ ವಿದ್ಯುತ್ತು ಒಂದೇ ಸಮನಾಗಿರುವುದಿಲ್ಲ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಅದು ಸರಾಸರಿಗಿಂತ ಬಹಳ ಮೇಲಕ್ಕೆ ಜಿಗಿದು ಇಳಿಯುತ್ತದೆ, ಎಸ್‌ಎಂಪಿಎಸ್‌ನೊಳಗೆ ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್‌ಗಳು ಮುಪ್ಪಾಗಿದ್ದರೆ ಆ ಜಿಗಿತಕ್ಕೆ ಜವಾಬು ಕೊಡಲಾರವು. ಬೆಳಿಗ್ಗೆ ಮೊದಲ ಸಲ ಆನ್ ಮಾಡುವಾಗ ಮಾತ್ರ ಬಂದು, ಎರಡನೆಯ ಸಲಕ್ಕೆ ಸರಿಹೋಗುತ್ತಿದ್ದರೆ ಅದೂ ಕೆಪಾಸಿಟರ್‌ಗಳ ಮುಪ್ಪಿನ ಲಕ್ಷಣವೇ. ಪಂಪು ಅಥವಾ ಫ್ರಿಜ್ ಶುರುವಾದ ಕ್ಷಣದಲ್ಲಿ ದೀಪ ಮಿಣುಕಿ, ಅದೇ ಕ್ಷಣಕ್ಕೆ ಕಂಪ್ಯೂಟರ್ ಆಫ್ ಆಗುತ್ತಿದ್ದರೆ ಮಾತ್ರ ಗೋಡೆಯ ಕಡೆ ನೋಡಬೇಕು. ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂಬ ದಾಖಲೆ ಸಿಕ್ಕಿತೆಂದು ಕೆಲವರು ಸಂಭ್ರಮದಿಂದ ಬರೆಯುತ್ತಾರೆ. ಆ ದಾಖಲೆಗೆ ಕ್ರಮಬದ್ಧವಾಗಿ ಮುಚ್ಚದೆ ಕಂಪ್ಯೂಟರ್ ಮತ್ತೆ ಆರಂಭವಾಯಿತು ಎಂಬುದರ ಹೊರತು ಬೇರೆ ಅರ್ಥವಿಲ್ಲ. ಅದು ಕಾರಣವನ್ನು ಹೇಳುವುದಿಲ್ಲ. ಸಮಯವನ್ನು ಹೇಳುತ್ತದೆ, ಆ ಮಟ್ಟಿಗೆ ಉಪಯುಕ್ತ.

ಆಮೇಲೆ ಕರೆಂಟ್ ತೆಗೆದು, ಪ್ಲಗ್ ಎಳೆದು ಕ್ಯಾಬಿನೆಟ್ ತೆರೆಯಿರಿ. ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರ್, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕನೆಕ್ಟರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಕನೆಕ್ಟರ್‌ಗಳನ್ನು ಕಳಚಿ, ಪಿನ್ನುಗಳಲ್ಲಿ ಕಪ್ಪು ಕಲೆಯಾಗಲಿ ಕಂದಿದ ಪ್ಲಾಸ್ಟಿಕ್ಕಾಗಲಿ ಇದೆಯೇ ನೋಡಿ, ಟಕ್ಕೆಂದು ಕೊಂಡಿ ಬೀಳುವವರೆಗೆ ಮತ್ತೆ ಒತ್ತಿ ಕೂರಿಸಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಈ ಪಿನ್ನುಗಳು ಬೇಗ ಮಾಸುತ್ತವೆ. ಸಡಿಲ ಸಂಪರ್ಕವೊಂದೇ ಇಂಥ ಸಂದೇಶವನ್ನು ಹುಟ್ಟಿಸಬಲ್ಲುದು. ಹಳೆಯ ಹಾರ್ಡ್ ಡಿಸ್ಕ್ ಕನೆಕ್ಟರ್‌ನಿಂದ ಅಡಾಪ್ಟರ್ ಹಾಕಿ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಕೊಟ್ಟಿದ್ದರೆ ಅದನ್ನು ಅಂದೇ ತೆಗೆಸಿ.

ಮುಂದಿನದು ವೋಲ್ಟೇಜ್ ನೋಡುವ ಕೆಲಸ. ಕಂಪ್ಯೂಟರಿನ ಎಸ್‌ಎಂಪಿಎಸ್‌ಗಳಿಗೆ ಇರುವ ಎಟಿಎಕ್ಸ್ ಮಾನದಂಡದ ಪ್ರಕಾರ ಈ ಮೂರೂ ಶೇಕಡಾ 5ರಷ್ಟು ಆಚೀಚೆ ಇರಬಹುದು. ಅಂದರೆ 12 ವೋಲ್ಟಿನದು 11.4ರಿಂದ 12.6ರೊಳಗೆ, 5 ವೋಲ್ಟಿನದು 4.75ರಿಂದ 5.25ರೊಳಗೆ, 3.3ರದು ಸುಮಾರು 3.14ರಿಂದ 3.46ರೊಳಗೆ. ಬಯೋಸ್‌ನ ಮಾನಿಟರ್ ಪುಟದಲ್ಲಿ ಈ ಅಂಕಿಗಳು ಕಾಣಿಸುತ್ತವೆ, ಆದರೆ ಆ ಹೊತ್ತಿಗೆ ಕಂಪ್ಯೂಟರ್ ಏನೂ ದುಡಿಯುತ್ತಿರುವುದಿಲ್ಲ ಎಂಬುದನ್ನು ಮರೆಯಬಾರದು. ಆಟ ನಡೆಯುತ್ತಿರುವಾಗಲೇ, ತಿಳಿದವರಿಂದ, ಎಸ್‌ಎಂಪಿಎಸ್‌ನ ಖಾಲಿ ಬಿಟ್ಟ ನಾಲ್ಕು ಪಿನ್ನಿನ ಕನೆಕ್ಟರ್‌ನ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಸಿ ನೋಡಿದರೆ 12 ವೋಲ್ಟಿನ ನಿಜಸ್ಥಿತಿ ಗೊತ್ತಾಗುತ್ತದೆ. ಸುಮ್ಮನಿದ್ದಾಗ 12.1 ಇದ್ದದ್ದು ಹೊರೆ ಬಿದ್ದಾಗ 11.3ಕ್ಕೆ ಇಳಿದರೆ ಅಲ್ಲಿಗೆ ವಿಚಾರಣೆ ಮುಗಿಯಿತು. ಇಳಿಯದಿದ್ದರೆ ಎಸ್‌ಎಂಪಿಎಸ್ ನಿರ್ದೋಷಿ ಎಂದು ಹೇಳಲು ಬರುವುದಿಲ್ಲ, ಏಕೆಂದರೆ ಮೇಲೆ ಹೇಳಿದ ಕ್ಷಣಾರ್ಧದ ಜಿಗಿತಗಳನ್ನು ಸಾಮಾನ್ಯ ಮಲ್ಟಿಮೀಟರ್ ಹಿಡಿಯಲಾರದು. ಆಗ ಉಳಿಯುವ ದಾರಿ, ಸರಿಯಾಗಿದೆ ಎಂದು ಗೊತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಅನ್ನು ನಾಲ್ಕು ದಿನಕ್ಕೆ ಹಾಕಿ ನೋಡುವುದು. ಅಂಗಡಿಯವರಲ್ಲಿ ಇದನ್ನೇ ಕೇಳಿ.

ನಿಮ್ಮ ಎಸ್‌ಎಂಪಿಎಸ್‌ನ ಮೈಮೇಲಿನ ಚೀಟಿಯನ್ನೂ ಒಮ್ಮೆ ಓದಿ ನೋಡಿ. ಕ್ಯಾಬಿನೆಟ್ಟಿನ ಜೊತೆಗೇ ಬಂದ ಅಗ್ಗದ ಎಸ್‌ಎಂಪಿಎಸ್‌ಗಳ ಮೇಲೆ ದಪ್ಪಕ್ಷರದಲ್ಲಿ 450 ವಾಟ್ ಎಂದಿರುತ್ತದೆ. ಕೆಳಗೆ ಸಣ್ಣ ಅಕ್ಷರದ ಕೋಷ್ಟಕದಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್ ಎಂದಿದ್ದರೆ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಸೇರಿ ದೊರೆಯುವುದು 192 ವಾಟ್ ಮಾತ್ರ. ಲೆಕ್ಕಪತ್ರದ ಕೆಲಸಕ್ಕೆ ಅದು ಧಾರಾಳವಾಗಿ ಸಾಕಾಗಿತ್ತು. ಮಗನ ಆಟಕ್ಕೆ ಸಾಲುತ್ತಿಲ್ಲ.

ಹೊಸ ಎಸ್‌ಎಂಪಿಎಸ್ ಹಾಕಿ, ವೋಲ್ಟೇಜ್ ಸರಿಯಿದ್ದು, ಬಯೋಸ್ ಹೊಸ ಆವೃತ್ತಿಗೆ ಬದಲಾಯಿಸಿದ ಮೇಲೂ ಅದೇ ಬರಹ ಬರುತ್ತಿದ್ದರೆ ಮದರ್‌ಬೋರ್ಡಿನ ಸಂವೇದಕವೇ ಅತಿಸೂಕ್ಷ್ಮವಾಗಿರಬಹುದು. ಅಂಥ ಸುಳ್ಳು ಎಚ್ಚರಿಕೆಗಳು ಇಲ್ಲದಿಲ್ಲ. ಆಗ ಅಂಗಡಿಯವರು ಹೇಳಿದಂತೆ ಮಾನಿಟರ್ ಪುಟದ ಆಂಟಿ ಸರ್ಜ್ ಆಯ್ಕೆಯನ್ನು ಆಫ್ ಮಾಡಬಹುದು. ಅದಕ್ಕೆ ಮೊದಲು ಮಾಡಿದರೆ ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿ ಬಾಗಿಲು ತೆರೆದಿಟ್ಟು ಮಲಗಿದಂತಾಗುತ್ತದೆ.

ಒಂದು ಎಚ್ಚರಿಕೆ: ಒಳಗೆ ಧೂಳು, ಹಲ್ಲಿ, ಇರುವೆ ಸೇರಿದೆ ಎಂಬ ನೆಪದಲ್ಲಿ ಎಸ್‌ಎಂಪಿಎಸ್‌ನ ಸ್ಕ್ರೂ ಬಿಚ್ಚಲು ಹೋಗಬೇಡಿ. ಅದರ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್ ಅಥವಾ ಅದಕ್ಕೂ ಹೆಚ್ಚಿನ ಡಿಸಿ ಸಂಗ್ರಹವಾಗಿದ್ದು, ಪ್ಲಗ್ ತೆಗೆದ ಮೇಲೂ ಸ್ವಲ್ಪ ಕಾಲ ಉಳಿದಿರುತ್ತದೆ.

ಪ್ರಶ್ನೆ: ನಮ್ಮದು ಹಳೆಯ ಮನೆ. ಕಂಪ್ಯೂಟರ್ ಕ್ಯಾಬಿನೆಟ್ಟಿನ ಹಿಂಭಾಗವನ್ನು ಬರಿಗಾಲಲ್ಲಿ ನಿಂತು ಮುಟ್ಟಿದರೆ ಜುಮ್ಮೆನ್ನುತ್ತದೆ. ಟೆಸ್ಟರ್ ಇಟ್ಟರೆ ದೀಪ ಮಂದವಾಗಿ ಉರಿಯುತ್ತದೆ. ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಏನೂ ಆಗುವುದಿಲ್ಲ. ಕಳೆದ ವಾರ ಟಿ.ವಿ.ಗೆ ಜೋಡಿಸಲು ಎಚ್‌ಡಿಎಂಐ ಕೇಬಲ್ ಸಿಕ್ಕಿಸುವಾಗ ಸಣ್ಣ ಕಿಡಿ ಹಾರಿ ಆ ಪೋರ್ಟ್ ಕೆಟ್ಟಿತು. ಇದು ಸರ್ಜ್ ಇರಬಹುದೇ? (ಅಂಬಲಪಾಡಿ, ಉಡುಪಿ)

ಉತ್ತರ: ಸರ್ಜ್ ಅಲ್ಲ, ನಿಮ್ಮ ಮನೆಯಲ್ಲಿ ಅರ್ಥಿಂಗ್ ಇಲ್ಲ ಅಥವಾ ಇದ್ದೂ ಸತ್ತಿದೆ. ಪ್ರತಿ ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಗದ್ದಲವನ್ನು ಸೋಸುವ ಪುಟ್ಟ ಕೆಪಾಸಿಟರ್‌ಗಳಿದ್ದು, ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿನ ಲೋಹಕ್ಕೆ ಜೋಡಣೆಯಾಗಿರುತ್ತವೆ. ಅರ್ಥ್ ಸರಿಯಾಗಿದ್ದರೆ ಅವುಗಳ ಮೂಲಕ ಸೋರುವ ಅತ್ಯಲ್ಪ ಕರೆಂಟು ಸದ್ದಿಲ್ಲದೆ ನೆಲಕ್ಕೆ ಇಳಿಯುತ್ತದೆ. ಅರ್ಥ್ ಇಲ್ಲವಾದರೆ ಲೋಹದ ಮೈ 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಕರೆಂಟಿನ ಪ್ರಮಾಣ ಕಡಿಮೆಯಾದ್ದರಿಂದ ಬರೀ ಜುಮ್ಮೆನ್ನುತ್ತದೆ. ಆದರೆ ಎಚ್‌ಡಿಎಂಐ ಪೋರ್ಟಿನೊಳಗಿನ ಸೂಕ್ಷ್ಮ ಚಿಪ್ಪಿಗೆ ಅಷ್ಟೇ ಸಾಕು. ಟಿ.ವಿ.ಗೆ ಕೇಬಲ್ ಕನೆಕ್ಷನ್ ಇದ್ದರೆ ಅದರ ತಂತಿಯ ಹೊರಹೊದಿಕೆ ಎಲ್ಲೋ ಒಂದೆಡೆ ಭೂಮಿಗೆ ತಗುಲಿರುತ್ತದೆ, ನೀವು ಸಿಕ್ಕಿಸಿದ ಕ್ಷಣದಲ್ಲಿ ಆ 115 ವೋಲ್ಟಿಗೆ ದಾರಿ ಸಿಕ್ಕಿದಂತಾಯಿತು.

ಎಲೆಕ್ಟ್ರೀಷಿಯನ್ ಬಂದಾಗ ಕಂಪ್ಯೂಟರಿನ ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಫೇಸ್ ಮತ್ತು ಅರ್ಥ್ ನಡುವೆ 60, 110 ಎಂಬಂಥ ಅಂಕಿಗಳು ತೇಲಾಡುತ್ತಿದ್ದರೆ ಸಾಕೆಟ್ಟಿನ ದೊಡ್ಡ ಅರ್ಥ್ ರಂಧ್ರದ ಹಿಂದೆ ತಂತಿಯೇ ಇಲ್ಲದಿರಬಹುದು. ಹಳೆಯ ಮನೆಗಳಲ್ಲಿ ಇದು ತೀರಾ ಸಾಮಾನ್ಯ: ಅಡುಗೆಮನೆಯ ಪವರ್ ಪ್ಲಗ್ಗಿಗೆ ಅರ್ಥ್ ಎಳೆದು, ಉಳಿದ ಸಣ್ಣ ಸಾಕೆಟ್ಟುಗಳನ್ನು ಹಾಗೆಯೇ ಬಿಟ್ಟಿರುತ್ತಾರೆ.

ತಂತಿ ಇದ್ದೂ ಹೀಗಾಗುತ್ತಿದ್ದರೆ ಅಂಗಳದ ಅರ್ಥ್ ಗುಂಡಿಯನ್ನು ನೋಡಬೇಕು. ನಮ್ಮ ಮುರಕಲ್ಲಿನ ನೆಲ ಮಳೆಗಾಲದಲ್ಲಿ ಒದ್ದೆಯಾಗಿದ್ದು ಕರೆಂಟನ್ನು ಒಳಗೆ ಬಿಡುತ್ತದೆಯಾದರೂ ಮಾರ್ಚ್ ಹೊತ್ತಿಗೆ ಒಣಗಿ ಅದಕ್ಕೆ ಅಡ್ಡ ನಿಲ್ಲುತ್ತದೆ. ಸಿಡಿಲಿನ ಕಾಲ ಬರುವುದೂ ಆಗಲೇ. ಇದ್ದಿಲು, ಉಪ್ಪು ತುಂಬಿದ ಹಳೆಯ ಗುಂಡಿಯಾದರೆ ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಒಂದೆರಡು ಕೊಡ ನೀರು ಹೊಯ್ಯುವ ಹಿರಿಯರ ಪದ್ಧತಿ ಅರ್ಥವಿಲ್ಲದ್ದಲ್ಲ. ಗುಂಡಿಯ ಕೊಳವೆಗೆ ತಂತಿ ಬಿಗಿದಿರುವ ಬೋಲ್ಟನ್ನು ಕೈಯಿಂದ ಅಲ್ಲಾಡಿಸಿ ನೋಡಲು ಎಲೆಕ್ಟ್ರೀಷಿಯನ್‌ಗೆ ಹೇಳಿ. ಕಡಲ ಹತ್ತಿರದ ಮನೆಗಳಲ್ಲಿ ಮೇಲೆ ಗಟ್ಟಿಯಾಗಿ ಕಾಣುವ ಬೋಲ್ಟು ಒಳಗೆ ಪೂರಾ ತುಕ್ಕು ಹಿಡಿದು, ಮುಟ್ಟಿದರೆ ಪುಡಿಯಾಗಿ ಉದುರುವುದುಂಟು.

ಕೆಲವರು ಈ ಕಷ್ಟವೇ ಬೇಡವೆಂದು ಸಾಕೆಟ್ಟಿನ ಹಿಂದೆ ನ್ಯೂಟ್ರಲ್ ಮತ್ತು ಅರ್ಥ್‌ಗಳ ನಡುವೆ ಒಂದು ತುಂಡು ತಂತಿ ಹಾಕಿಕೊಡುತ್ತಾರೆ. ಜುಮ್ಮೆನ್ನುವುದು ನಿಲ್ಲುತ್ತದೆ, ಮೀಟರಿನಲ್ಲಿ ಅಂಕಿಗಳೂ ಚೆನ್ನಾಗಿ ಕಾಣುತ್ತವೆ. ಆದರೆ ಮುಂದೆ ಎಂದಾದರೂ ನ್ಯೂಟ್ರಲ್ ಕಡಿದರೆ ಅದೇ ತುಂಡು ತಂತಿಯ ಮೂಲಕ ಪೂರ್ತಿ 230 ವೋಲ್ಟ್ ಕ್ಯಾಬಿನೆಟ್ಟಿನ ಮೈಗೆ ಬರುತ್ತದೆ. ಇದು ಜೀವಕ್ಕೆ ಅಪಾಯ. ಅಂಥದ್ದು ಕಂಡರೆ ತಡಮಾಡದೆ ತೆಗೆಸಿ.

ಪ್ರಶ್ನೆ: ಒಂದು ರಾತ್ರಿ ಗಾಳಿಮಳೆಯ ನಡುವೆ ನಮ್ಮ ಮನೆಯ ಕೆಲವು ದೀಪಗಳು ಕಣ್ಣು ಕೋರೈಸುವಂತೆ ಉರಿದವು, ಪಕ್ಕದ ಮನೆಯವರ ದೀಪಗಳು ಮಂಕಾಗಿದ್ದವು. ಮೈನ್ ಆಫ್ ಮಾಡುವಷ್ಟರಲ್ಲಿ ಕಂಪ್ಯೂಟರ್ ಸತ್ತಿತ್ತು. ಒಳ್ಳೆಯ ಸ್ಪೈಕ್ ಗಾರ್ಡ್ ಇದ್ದೂ ಹೀಗೇಕಾಯಿತು? ಮದರ್‌ಬೋರ್ಡ್ ಕೂಡ ಹೋಗಿರುತ್ತದೆಯೇ? (ಸುರತ್ಕಲ್)

ಉತ್ತರ: ನೀವು ಕೊಟ್ಟಿರುವ ವಿವರವೇ ಕಾರಣವನ್ನು ಹೇಳುತ್ತಿದೆ. ಒಂದು ಕಡೆ ದೀಪ ಪ್ರಖರ, ಇನ್ನೊಂದು ಕಡೆ ಮಂಕು ಎಂದರೆ ಲೈನಿನಲ್ಲಿ ಎಲ್ಲೋ ನ್ಯೂಟ್ರಲ್ ಕಡಿದಿದೆ ಅಥವಾ ಸಡಿಲವಾಗಿದೆ. ಆಗ ಬೇರೆ ಬೇರೆ ಫೇಸ್‌ಗಳಲ್ಲಿರುವ ಮನೆಗಳು ಒಂದಕ್ಕೊಂದು ಸರಣಿಯಲ್ಲಿ ಜೋಡಣೆಯಾಗಿ, ಎರಡು ಫೇಸ್‌ಗಳ ನಡುವಿನ ಸುಮಾರು 400 ವೋಲ್ಟನ್ನು ತಮ್ಮ ತಮ್ಮ ಹೊರೆಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ಹೊರೆ ಕಡಿಮೆಯಿದ್ದ ಮನೆಗೆ ಹೆಚ್ಚು ವೋಲ್ಟೇಜ್ ಬೀಳುತ್ತದೆ.

ಸ್ಪೈಕ್ ಗಾರ್ಡಿನೊಳಗಿರುವುದು ಎಂಒವಿ ಎಂಬ ಕಾಸಿನಗಲದ ಬಿಲ್ಲೆ. ಸಿಡಿಲಿನಿಂದಲೋ ಸ್ವಿಚ್ಚಿನ ಆಟದಿಂದಲೋ ಬರುವ, ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು ಹೊತ್ತು ಇರುವ ಮೊನಚು ಜಿಗಿತಗಳನ್ನು ಹೀರಿಕೊಳ್ಳಲು ಅದನ್ನು ಮಾಡಿರುತ್ತಾರೆ. ನಿಮಿಷಗಟ್ಟಲೆ ನಿಂತ 350 ವೋಲ್ಟನ್ನು ಅದು ತಡೆಯಲಾರದು. ತಡೆಯಲು ಹೋಗಿ ತಾನೇ ಕಾದು ಸುಟ್ಟುಹೋಗುತ್ತದೆ. ನಿಮ್ಮ ಸ್ಪೈಕ್ ಗಾರ್ಡ್ ಸುಟ್ಟ ವಾಸನೆ ಬರುತ್ತಿದ್ದರೆ ಅದನ್ನು ಎಸೆಯಿರಿ. ವಾಸನೆ ಇಲ್ಲದಿದ್ದರೂ ಆ ರಾತ್ರಿಯ ಬಳಿಕ ಅದನ್ನು ನಂಬುವಂತಿಲ್ಲ, ಏಕೆಂದರೆ ಪ್ರತಿ ಪೆಟ್ಟಿಗೂ ಈ ಬಿಲ್ಲೆ ಸವೆಯುತ್ತದೆ ಮತ್ತು ಅದು ಸವೆದ ಮೇಲೂ ಸಾಕೆಟ್ಟುಗಳಲ್ಲಿ ಕರೆಂಟ್ ಎಂದಿನಂತೆಯೇ ಬರುತ್ತಿರುತ್ತದೆ.

ಮದರ್‌ಬೋರ್ಡಿನ ಬಗ್ಗೆ ಆಸೆ ಬಿಡಬೇಡಿ. ಇಂಥ ಸಂದರ್ಭದಲ್ಲಿ ಪೆಟ್ಟು ಬೀಳುವುದು ಸಾಮಾನ್ಯವಾಗಿ ಎಸ್‌ಎಂಪಿಎಸ್‌ನ ಒಳಬರುವ ಭಾಗಕ್ಕೆ. ಅದು ಫ್ಯೂಸ್ ಹಾರಿಸಿಕೊಂಡು ಸಾಯುತ್ತದೆ, ಅದರಾಚೆಗಿನದು ಬಹಳ ಸಲ ಉಳಿಯುತ್ತದೆ. ಬೇರೆ ಎಸ್‌ಎಂಪಿಎಸ್ ಜೋಡಿಸಿ ನೋಡದೆ ಮದರ್‌ಬೋರ್ಡ್ ಹೋಯಿತೆಂದು ಯಾರಾದರೂ ಹೇಳಿದರೆ ಇನ್ನೊಂದು ಅಂಗಡಿಗೆ ಹೋಗಿ.

ಮುಂದಕ್ಕೆ ಬೇಕಾದದ್ದು ಮೈನ್ ಬೋರ್ಡಿನಲ್ಲಿ ಕೂರಿಸುವ ಓವರ್ ವೋಲ್ಟೇಜ್ ಕಟ್-ಆಫ್. ವೋಲ್ಟೇಜ್ ಮಿತಿ ಮೀರಿದೊಡನೆ ಅದು ಇಡೀ ಮನೆಯನ್ನು ಲೈನಿನಿಂದ ಬೇರ್ಪಡಿಸುತ್ತದೆ, ಫ್ರಿಜ್ಜು, ಟಿ.ವಿ.ಗಳೂ ಉಳಿಯುತ್ತವೆ. ಇದರ ಜೊತೆಗೆ ದೀಪಗಳು ಹೀಗೆ ವರ್ತಿಸಿದಾಗ ಮೈನ್ ಆಫ್ ಮಾಡಿ ತಕ್ಷಣ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆಮಾಡಿ, ನ್ಯೂಟ್ರಲ್ ಹೋಗಿರಬಹುದು ಎಂದೇ ಹೇಳಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬರೀ ‘ಕರೆಂಟ್ ಸರಿಯಿಲ್ಲ’ ಎಂದರೆ ನಿಮ್ಮ ದೂರು ಉಳಿದ ನೂರರೊಳಗೆ ಸೇರಿಹೋಗುತ್ತದೆ.

ಪ್ರಶ್ನೆ: ಕಂಪ್ಯೂಟರಿಗೆ ಫ್ರಿಜ್ಜಿನ ಹಾಗೆ ಸ್ಟೆಬಿಲೈಸರ್ ಬೇಕೇ? (ಮಣಿಪಾಲ)

ಉತ್ತರ: ಬೇಡ. ಇಂದಿನ ಒಳ್ಳೆಯ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟಿನವರೆಗೆ ತಾವೇ ಹೊಂದಿಕೊಳ್ಳುತ್ತವೆ. ಆ ಹಣವನ್ನು ಯುಪಿಎಸ್‌ಗೆ ಹಾಕಿ.

ಪ್ರಶ್ನೆ: ಮನೆಗೆಲ್ಲ ಇನ್ವರ್ಟರ್ ಇದೆ. ಆದರೂ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ, ಫ್ಯಾನು, ದೀಪಗಳಿಗೆ ಗೊತ್ತೇ ಆಗುವುದಿಲ್ಲ. (ಬ್ರಹ್ಮಾವರ)

ಉತ್ತರ: ಗೋಡೆಯ ಕರೆಂಟ್ ನಿಂತ ಮೇಲೆ ಎಸ್‌ಎಂಪಿಎಸ್ ತನ್ನಲ್ಲಿರುವ ಸಂಗ್ರಹದಿಂದ ಕಂಪ್ಯೂಟರನ್ನು ನಡೆಸಬಲ್ಲದ್ದು ಸುಮಾರು 16 ಮಿಲಿಸೆಕೆಂಡ್ ಮಾತ್ರ, ಹಳೆಯದಾದರೆ ಅಷ್ಟೂ ಇಲ್ಲ. ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಕಂಪ್ಯೂಟರ್ ಆರುತ್ತದೆ. ಇನ್ವರ್ಟರಿನ ಹಿಂದೆಯೋ ಮುಂದೆಯೋ ‘ಯುಪಿಎಸ್’ ಮತ್ತು ‘ಇಕೋ’ ಅಥವಾ ‘ನಾರ್ಮಲ್’ ಎಂಬ ಎರಡು ಸ್ಥಾನಗಳಿರುವ ಸಣ್ಣ ಸ್ವಿಚ್ ಇರುತ್ತದೆ. ಕೂರಿಸಿದವರು ಅದನ್ನು ಇಕೋದಲ್ಲೇ ಬಿಟ್ಟು ಹೋಗಿರುವ ಸಂಭವ ಹೆಚ್ಚು. ಯುಪಿಎಸ್ ಕಡೆಗೆ ತಳ್ಳಿದರೆ ಬದಲಾಗುವ ವೇಗ ಹೆಚ್ಚುತ್ತದೆ. ಮಾತ್ರವಲ್ಲ, ಇಕೋದಲ್ಲಿ ತೀರಾ ಕೆಳಗಿನ ಮತ್ತು ತೀರಾ ಮೇಲಿನ ವೋಲ್ಟೇಜನ್ನೂ ಒಳಗೆ ಬಿಡುವ ಇನ್ವರ್ಟರ್, ಯುಪಿಎಸ್ ಸ್ಥಾನದಲ್ಲಿ ಸುಮಾರು 180ರಿಂದ 260ರ ನಡುವಿನದನ್ನಷ್ಟೇ ಬಿಟ್ಟು ಉಳಿದಾಗ ಬ್ಯಾಟರಿಗೆ ಹೋಗುತ್ತದೆ. ಹಳ್ಳಿಯ ಲೈನಿನಲ್ಲಿ ತೋಟದ ಪಂಪುಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತಿದ್ದರೆ ಬ್ಯಾಟರಿ ಪದೇ ಪದೇ ಬಳಕೆಯಾಗುತ್ತದೆ, ಅದೊಂದು ತೊಡಕು.

ಇನ್ವರ್ಟರ್ ಸ್ಕ್ವೇರ್ ವೇವ್‌ನದಾಗಿದ್ದರೆ (ಅದು ಕೊಡುವ ಕರೆಂಟ್ ಲೈನಿನದರಂತೆ ನಯವಾದ ಅಲೆಯಾಗಿರದೆ ಚೌಕಾಕಾರದ ಅಲೆಯಾಗಿದ್ದರೆ) ಮಾತ್ರ ಈ ಸ್ವಿಚ್ಚಿನಿಂದ ಪೂರ್ತಿ ಪರಿಹಾರ ಸಿಗದು. ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ‘ಆಕ್ಟಿವ್ ಪಿಎಫ್‌ಸಿ’ ಸರ್ಕ್ಯೂಟ್ ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳೇ ಅಂಥ ಕರೆಂಟಿಗೆ ಮುನಿಸಿಕೊಂಡು ಆಫ್ ಆಗುವುದುಂಟು. ಸಾದಾ ಯುಪಿಎಸ್ ಕೊಳ್ಳುವಾಗಲೂ ಇದನ್ನು ವಿಚಾರಿಸಬೇಕು.

ಪ್ರಶ್ನೆ: ಸಿಡಿಲು ಬಡಿದ ಮರುದಿನ ಕಂಪ್ಯೂಟರ್ ಚೆನ್ನಾಗಿಯೇ ಆನ್ ಆಯಿತು, ಆದರೆ ಇಂಟರ್ನೆಟ್ ಇಲ್ಲ. ಫೋನಿನಲ್ಲಿ ವೈಫೈ ಕೂಡ ಬರುತ್ತಿಲ್ಲ. ಕಂಪ್ಯೂಟರಿನ ಪ್ಲಗ್ ಎಳೆದೇ ಇಟ್ಟಿದ್ದೆವು. ನಮ್ಮದು ಫೈಬರ್ ಕನೆಕ್ಷನ್. ಫೈಬರ್‌ಗೆ ಸಿಡಿಲು ತಾಗುವುದಿಲ್ಲ ಎನ್ನುತ್ತಾರಲ್ಲ? (ಬಿಕರ್ನಕಟ್ಟೆ, ಮಂಗಳೂರು)

ಉತ್ತರ: ಫೈಬರ್ ಎಂಬುದು ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಎಂಬುದು ನಿಜ. ಆದರೆ ಗೋಡೆಗೆ ಹಾಕಿದ ಮೋಡೆಮ್ಮಿಗೆ ತನ್ನದೇ ಅಡಾಪ್ಟರ್ ಇದೆ, ಅದನ್ನು ನೀವು ಎಳೆದಿರಲಿಲ್ಲ. ಲೈನಿನ ಮೂಲಕ ಬಂದ ಜಿಗಿತ ಅಡಾಪ್ಟರನ್ನು ದಾಟಿ ಮೋಡೆಮ್ಮಿಗೆ, ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿನ ಲ್ಯಾನ್ ಪೋರ್ಟಿಗೆ ಬಂದಿದೆ. ವೈಫೈ ಕೂಡ ನಿಂತಿರುವುದು ಇದಕ್ಕೆ ಸಾಕ್ಷಿ. ಗುಡುಗು ಕೇಳಿದಾಗ ಕಂಪ್ಯೂಟರಿನ ಪ್ಲಗ್ಗಿನ ಜೊತೆಗೆ ಮೋಡೆಮ್ಮಿನ ಅಡಾಪ್ಟರನ್ನೂ ಲ್ಯಾನ್ ಕೇಬಲನ್ನೂ ಎಳೆಯಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು; ಕಂಬವನ್ನು ಜಿಗಿದು ಬಂದದ್ದಕ್ಕೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಅಂತರ ದೊಡ್ಡದಲ್ಲ. ಗುಡುಗು ಮನೆಯ ಮೇಲೆಯೇ ಬಂದಿದ್ದರೆ ಮಾತ್ರ ಪ್ಲಗ್ ಮುಟ್ಟಲು ಹೋಗಬೇಡಿ, ಕಂಪ್ಯೂಟರ್ ಹೋದರೆ ಹೋಗಲಿ. ಜೂನ್, ಜುಲೈಯ ಜಡಿಮಳೆಯಲ್ಲಿ ಈ ಕಾಟ ಕಡಿಮೆ; ದೀಪಾವಳಿಯ ಆಸುಪಾಸಿನ ಸಂಜೆ ಮಳೆಗಳಲ್ಲಿ ಮತ್ತೆ ಜಾಗ್ರತೆ ಬೇಕು.

ಮೋಡೆಮ್ ಬದಲಾಯಿಸಿದ ಮೇಲೂ ಕಂಪ್ಯೂಟರಿನ ಲ್ಯಾನ್ ಪೋರ್ಟಿನ ಪುಟ್ಟ ದೀಪ ಉರಿಯದಿದ್ದರೆ, ಅದೊಂದಕ್ಕಾಗಿ ಮದರ್‌ಬೋರ್ಡ್ ಬದಲಾಯಿಸುವ ಅಗತ್ಯವಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಸಾಕು. ಸತ್ತ ಪೋರ್ಟನ್ನು ಬಯೋಸ್‌ನಲ್ಲಿ ಡಿಸೇಬಲ್ ಮಾಡಿಸಿಬಿಡಿ, ಇಲ್ಲವಾದರೆ ಅದನ್ನು ಹುಡುಕುತ್ತ ವಿಂಡೋಸ್ ಆರಂಭವಾಗುವುದೇ ನಿಧಾನವಾಗಬಹುದು.